ಎರಡು ಮನೆ ಕಟ್ಟಿ ಬಾಡಿಗೆಗೆ ಬಿಟ್ಟವರೊಡನೆ ಕೆಲವು ಮಾತು

(ಭಾರತೀನಗರದಲ್ಲಿ ಸೇರಿದ್ದ ಸಣ್ಣ ಮನೆ ಮಾಲೀಕರು ಮತ್ತು ಬಾಡಿಗೆದಾರರ ಮುಂದೆ ಮಾಡಿದ ಭಾಷಣ)



ಮನೆ ಬಾಡಿಗೆಗೆ ಕೊಡುವವರ ಸಭೆಯಲ್ಲಿ ಸಮಾಜವಾದಿಗಳಿಗೇನು ಕೆಲಸ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಕೇಳತಕ್ಕ ಪ್ರಶ್ನೆಯೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಸಮಾಜವಾದಿಗಳು ಅವರ ಜೊತೆ ನಿಂತರು. ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಈ ನಾಡಿನ ಕಾನೂನಾಯಿತು. ಹಾಗಾದರೆ, ‘ಇರುವವನೇ ಮನೆಯೊಡೆಯ’ ಎಂದು ಹೇಳುವುದಕ್ಕೆ ಬಂದಿದ್ದೀರಾ ಎಂಬುದು ನಿಮ್ಮ ಮನಸ್ಸಿನ ಅಂಜಿಕೆ.

ಅದಕ್ಕಾಗಿ ನಾವು ಬಂದಿಲ್ಲ. ಇಲ್ಲಿ ಕೂತವರ ಮುಖ ನೋಡಿದರೆ ಸಾಕು. ಎರಡು ಎಕರೆ ಕಬ್ಬು ಬೆಳೆದು, ಆ ಹಣಕ್ಕೆ ಸಾಲ ಕೂಡಿಸಿ ರಸ್ತೆ ಬದಿಯಲ್ಲಿ ಎರಡು ಮನೆ ಎಬ್ಬಿಸಿದ ರೈತರು ಇದ್ದೀರಿ. ಗಂಡನ ನಿವೃತ್ತಿಯ ಹಣವನ್ನೆಲ್ಲ ಇಟ್ಟಿಗೆಗೆ ಸುರಿದು, ತಿಂಗಳ ಬಾಡಿಗೆಯಲ್ಲೇ ಅಕ್ಕಿ ಬೇಳೆ ನಡೆಸುವ ತಾಯಂದಿರು ಇದ್ದೀರಿ. ನಿಮ್ಮನ್ನೂ ಸಾವಿರಾರು ಎಕರೆಯ ಗೇಣಿ ಒಡೆಯರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬುದ್ಧಿವಂತಿಕೆಯಲ್ಲ. ಆದರೆ ಸಣ್ಣ ಮಾಲೀಕನಾದ ಮಾತ್ರಕ್ಕೆ ಅನ್ಯಾಯ ಮಾಡಲಾರ ಎಂದೂ ನಾವು ಹೇಳುವುದಿಲ್ಲ. ಇವೆರಡನ್ನೂ ಬಿಚ್ಚಿ ಮಾತಾಡಿಕೊಳ್ಳೋಣ.

ನಮ್ಮ ಊರನ್ನೇ ನೋಡಿ. ಮದ್ದೂರು ಮಳವಳ್ಳಿಗಳ ನಡುವೆ ಇರುವ ಇದು ಹಿರಿಯರ ಬಾಯಲ್ಲಿ ಇಂದಿಗೂ ಕೆ.ಎಂ. ದೊಡ್ಡಿಯೇ. ಜಿ. ಮಾದೇಗೌಡರು ಇಲ್ಲಿ ಭಾರತೀ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ ಬಂತು. ಕಾಲೇಜಿಗೆ ಹಳ್ಳಿಗಳಿಂದ ಹುಡುಗರು ಹುಡುಗಿಯರು ಬಂದರು. ಕಾರ್ಖಾನೆಗೆ ಕೆಲಸಗಾರರು ಬಂದರು. ಅವರ ಹಿಂದೆ ಮೇಷ್ಟರುಗಳು, ನರ್ಸುಗಳು, ಬ್ಯಾಂಕಿನವರು, ಲಾರಿಯವರು ಬಂದರು. ಬಂದವರಿಗೆಲ್ಲ ತಲೆಯ ಮೇಲೊಂದು ಸೂರು ಬೇಕಲ್ಲ? ಹಾಗೆ ಹುಟ್ಟಿದ್ದು ಈ ಬಾಡಿಗೆ ಮನೆಗಳು. ಊರಿಗೆ ವಿದ್ಯೆ ಬಂದಿದ್ದರಲ್ಲಿ ಮನೆ ಕೊಟ್ಟವರ ಪಾಲೂ ಉಂಟು ಎಂಬುದನ್ನು ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗೋಣ.

ಕಟ್ಟುವುದಕ್ಕೆ ಮುಂಚೆ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ನೋಡುವುದಕ್ಕೆ ಮುಂಚೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ನೋಡಿ ಎಂದು ನಾವು ಸೇರಿಸುತ್ತೇವೆ.

ಉದಾಹರಣೆಗೆ, ಒಬ್ಬ ರೈತ 14 ಲಕ್ಷ ರೂಪಾಯಿಯಲ್ಲಿ ಎರಡು ಸಣ್ಣ ಮನೆ ಕಟ್ಟುತ್ತಾನೆ ಎನ್ನೋಣ. ಕೈಯಲ್ಲಿದ್ದುದು 4 ಲಕ್ಷ. ಉಳಿದ 10 ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 15 ವರ್ಷದ ಕಂತಿಗೆ ತರುತ್ತಾನೆ. ತಿಂಗಳ ಕಂತು ಸುಮಾರು 10,143 ರೂಪಾಯಿ, ವರ್ಷಕ್ಕೆ 1,21,700. ಮನೆಯೊಂದಕ್ಕೆ 4,500ರಂತೆ ತಿಂಗಳಿಗೆ 9,000 ಬಾಡಿಗೆ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಕೈಗೆ ಬರುವುದು 99,000. ಸುಣ್ಣಬಣ್ಣ, ಮೋಟರು ರಿಪೇರಿ, ಕಂದಾಯ ಎಂದು 10,000 ಹೋದರೆ ಉಳಿಯುವುದು 89,000. ಮೊದಲ ವರ್ಷದ ಬಡ್ಡಿಯೇ 89 ಸಾವಿರದ ಹತ್ತಿರ! ಬಾಡಿಗೆಯೆಲ್ಲ ಬಡ್ಡಿಗೇ ಸಮವಾಯಿತು. ಕಂತಿನಲ್ಲಿ ಉಳಿದ 32 ಸಾವಿರ ಚಿಲ್ಲರೆಯನ್ನು ಕಬ್ಬಿನ ಹಣದಿಂದಲೇ ತರಬೇಕು. ಕಾರ್ಖಾನೆಯ ಹಣ ತಡವಾದ ವರ್ಷ ಏನು ಗತಿ?

ಹಾಗೆಂದು ಕಟ್ಟಬೇಡಿ ಎಂದು ನಾವು ಹೇಳುತ್ತಿಲ್ಲ. 15 ವರ್ಷ ಕಳೆದ ಮೇಲೆ ಮನೆ ನಿಮ್ಮದು. ಆ ಹೊತ್ತಿಗೆ ಬಾಡಿಗೆಯೂ ಏರಿರುತ್ತದೆ. ಆದರೆ ‘ಬಾಡಿಗೆಯೇ ಸಾಲ ತೀರಿಸುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಲ ಅರ್ಧಕ್ಕಿಂತ ಕಡಿಮೆ ಇರಲಿ. ಎರಡು ಮನೆಯನ್ನು ಒಟ್ಟಿಗೆ ಎಬ್ಬಿಸುವ ಬದಲು ಒಂದನ್ನು ಮುಗಿಸಿ, ಮೇಲಿನದಕ್ಕೆ ಕಂಬಿ ಬಿಟ್ಟುಕೊಂಡರೆ ನಷ್ಟವಿಲ್ಲ. ಕಾಲೇಜಿನ ರಜಾದಿನಗಳಲ್ಲಿ ವಿದ್ಯಾರ್ಥಿಗಳ ಕೊಠಡಿ ಖಾಲಿಯಾಗುತ್ತದೆ ಎಂಬುದನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಆದಾಯ ತೆರಿಗೆಯ ಮಾತು ಎರಡೇ ವಾಕ್ಯದಲ್ಲಿ ಮುಗಿಯುತ್ತದೆ. ವರ್ಷದ ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ಕಂದಾಯವನ್ನು ಕಳೆದು, ಉಳಿದುದರಲ್ಲಿ ನೂರಕ್ಕೆ 30ನ್ನು ರಿಪೇರಿ ಮಾಡಿಸಿದರೂ ಬಿಟ್ಟರೂ ಕಳೆಯಲು ಅವಕಾಶವಿದೆ. ಸಾಲದ ಬಡ್ಡಿಗೂ ವಿನಾಯಿತಿ ಉಂಟು. ಆದ್ದರಿಂದ ಬ್ಯಾಂಕಿನ ಬಡ್ಡಿ ಪತ್ರವನ್ನೂ ಪಂಚಾಯಿತಿಯ ರಶೀದಿಯನ್ನೂ ಎಸೆಯಬೇಡಿ.

ಭೋಗ್ಯವೆಂಬ ಸಿಹಿ ಸಾಲ

ಇನ್ನು ನಮ್ಮ ಕಡೆ ಅತ್ಯಂತ ಹೆಚ್ಚು ಮನೆ ಮುರಿಯುವ ವಿಷಯಕ್ಕೆ ಬರೋಣ. ಅದು ಭೋಗ್ಯ. ಮಗಳ ಮದುವೆ ಬಂತು, ಆಸ್ಪತ್ರೆ ಖರ್ಚು ಬಂತು. ‘ಬಾಡಿಗೆ ಬೇಡ, 3 ಲಕ್ಷ ಕೊಡಿ, ಮೂರು ವರ್ಷ ಇರಿ, ಹೋಗುವಾಗ ಹಣ ವಾಪಸ್’ ಎಂದು ಮನೆಯನ್ನು ಭೋಗ್ಯಕ್ಕೆ ಹಾಕುತ್ತೀರಿ. ಬಡ್ಡಿಯಿಲ್ಲದ ಹಣ ಬಂತೆಂಬ ಸಂತೋಷ.

ಬಡ್ಡಿಯಿಲ್ಲ ಎಂದವರು ಯಾರು? ಅದೇ ಮನೆಗೆ ತಿಂಗಳಿಗೆ 4,500 ಬಾಡಿಗೆ ಬರುತ್ತಿತ್ತು. ವರ್ಷಕ್ಕೆ 54,000. ಮೂರು ಲಕ್ಷಕ್ಕೆ 54,000 ಎಂದರೆ ನೂರಕ್ಕೆ 18 ಬಡ್ಡಿ! ಬ್ಯಾಂಕಿನ ಗೃಹಸಾಲಕ್ಕೆ ಕೊಡುವುದರ ಎರಡರಷ್ಟು. ಇದು ಒಂದು ಪಕ್ಕ. ಇನ್ನೊಂದು ಪಕ್ಕ: ಮೂರು ವರ್ಷದ ಕೊನೆಗೆ 3 ಲಕ್ಷವನ್ನು ಒಟ್ಟಿಗೆ ಎಣಿಸಬೇಕು. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 8,333 ರೂಪಾಯಿ ಎತ್ತಿಡಬೇಕು. ಬಾಡಿಗೆಯೂ ಇಲ್ಲದ ಮನೆಯಿಂದ ಅಷ್ಟು ಎಲ್ಲಿಂದ ತರುವುದು? ಆದ್ದರಿಂದ ಹೊಸಬರ ಹತ್ತಿರ ಮೂರೂವರೆ ಲಕ್ಷ ಪಡೆದು ಹಳಬರನ್ನು ಕಳಿಸುವುದು. ಇವರ ಟೋಪಿ ಅವರಿಗೆ, ಅವರ ಟೋಪಿ ಇವರಿಗೆ. ಹೊಸಬರು ಸಿಗದ ವರ್ಷ ಜಗಳ, ಠಾಣೆ, ಕೋರ್ಟು.

ಹಣ ಕೊಟ್ಟವನ ಗತಿಯನ್ನೂ ನೋಡಿ. ಅವನು ಕಾರ್ಖಾನೆಯ ಕೆಲಸಗಾರ. ಜೀವಮಾನದ ಉಳಿತಾಯವನ್ನೇ ನಿಮ್ಮ ಕೈಗೆ ಹಾಕಿದ್ದಾನೆ. ಕೈಯಲ್ಲಿರುವುದು ಛಾಪಾ ಕಾಗದದ ಒಂದು ಬರಹ. ಆಸ್ತಿ ವರ್ಗಾವಣೆ ಕಾಯ್ದೆ 1882ರ 58 ಮತ್ತು 59ನೆಯ ಪ್ರಕರಣಗಳನ್ನು ಓದಿ: ಸ್ವಾಧೀನ ಕೊಟ್ಟು ಮಾಡುವ ಇಂಥ ಭೋಗ್ಯ ಒಂದು ಬಗೆಯ ಅಡಮಾನ; ಅಸಲು 100 ರೂಪಾಯಿ ಅಥವಾ ಅದಕ್ಕೆ ಮೇಲಿದ್ದರೆ ಪತ್ರ ನೋಂದಣಿಯಾಗಿರಬೇಕು, ಇಬ್ಬರು ಸಾಕ್ಷಿಗಳಿರಬೇಕು. ನೂರು ರೂಪಾಯಿಗೇ ಈ ಮಾತಾದರೆ ಮೂರು ಲಕ್ಷಕ್ಕೆ ಹೇಗೆ? ಇನ್ನು ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು, ಕಂತು ನಿಂತು, ಬ್ಯಾಂಕು ಹರಾಜಿಗೆ ತಂದರೆ, ಭೋಗ್ಯದವನು ಸಂಸಾರ ಸಮೇತ ಬೀದಿಗೆ ಬೀಳುತ್ತಾನೆ.

ಆದ್ದರಿಂದ ನಮ್ಮ ಸಲಹೆ ಹೀಗೆ. ಆದಷ್ಟೂ ಭೋಗ್ಯಕ್ಕೆ ಹೋಗಬೇಡಿ. ಹೋಗಲೇಬೇಕಾದರೆ ನೋಂದಣಿ ಮಾಡಿಸಿ, ಬ್ಯಾಂಕಿನ ಸಾಲವಿದ್ದರೆ ಮುಚ್ಚಿಡದೆ ಹೇಳಿ. ಕಡಿಮೆ ಭೋಗ್ಯ, ಅದಕ್ಕೆ ತಕ್ಕಂತೆ ಸ್ವಲ್ಪ ಬಾಡಿಗೆ ಎಂದು ಒಪ್ಪಿಕೊಂಡರೆ ಆ ಬಾಡಿಗೆಯನ್ನು ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟಿ, ಹಣ ತೀರಿಸುವ ದಾರಿ ಮಾಡಿಕೊಳ್ಳಬಹುದು. ಬಂದ ಹಣದಲ್ಲಿ ಇದಕ್ಕಿಂತ ಹೆಚ್ಚು ಬಡ್ಡಿಯ ಕೈಸಾಲ ತೀರಿಸಿದರೆ ಅದಕ್ಕೊಂದು ಅರ್ಥವಿದೆ. ಊಟ ಉಡುಗೊರೆಗೆ ಸುರಿದರೆ ಮನೆಯೇ ಹೋದೀತು.

ಕಾಗದ ಏಕೆ ಬೇಕು

‘ಅಯ್ಯೋ, ನಮ್ಮ ಕಡೆಯವರೇ ಬುಡಿ, ಕಾಗ್ದ ಯಾಕೆ?’ ಎನ್ನುವವರು ಇಲ್ಲಿ ಬಹಳ. ಮಾತಿನ ನಂಬಿಕೆ ದೊಡ್ಡದು. ಆದರೆ ನೆನಪು ಚಿಕ್ಕದು. ಎರಡು ವರ್ಷ ಕಳೆದ ಮೇಲೆ ಮುಂಗಡ 20 ಸಾವಿರವೋ 25 ಸಾವಿರವೋ ಎಂದು ಇಬ್ಬರಿಗೂ ಪ್ರಾಮಾಣಿಕವಾಗಿಯೇ ಮರೆತುಹೋಗಬಹುದು.

ಬಾಡಿಗೆಯ ಕಾನೂನು ಯಾವುದು ಎಂಬುದರಲ್ಲೇ ಹಲವರಿಗೆ ಗೊಂದಲ. ಮೈಸೂರು ರಾಜ್ಯದಲ್ಲಿ 1951ರ ಕಾಯ್ದೆ, ಆಮೇಲೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದುವು. ಮನೆ ಖಾಲಿಯಾದರೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು, ಅವರು ಹೇಳಿದವರಿಗೆ ಕೊಡಬೇಕು ಎಂಬ ಕಾಲ ಅದು. ಅದು ಹೋಗಿ, ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಈ ಕಾಯ್ದೆ ತನ್ನ ಅನುಸೂಚಿಯಲ್ಲಿ ಹೇಳಿದ ಪ್ರದೇಶಗಳಿಗೆ ಮಾತ್ರ. ಅಲ್ಲಿಯೂ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಇತರ ಕಡೆ 2,000 ರೂಪಾಯಿ ಮೀರಿದ ಮನೆಗಳಿಗೆ, ಮತ್ತು ಕಟ್ಟಿ 15 ವರ್ಷವಾಗದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಕೂಡದೆನ್ನುತ್ತದೆ. ಆದರೆ ಅದು ರಾಜ್ಯಗಳು ತಮ್ಮದಾಗಿ ಮಾಡಿಕೊಳ್ಳಬೇಕಾದ ಮಾದರಿ ಮಾತ್ರ. ಹೀಗಾಗಿ ನಮ್ಮಂಥ ಊರಿನ ಮನೆಗಳಿಗೆ ಬಹುಮಟ್ಟಿಗೆ ಉಳಿಯುವುದು ಬ್ರಿಟಿಷರ ಕಾಲದ ಅದೇ 1882ರ ಕಾಯ್ದೆ, ಮತ್ತು ನೀವಿಬ್ಬರೂ ಬರೆದುಕೊಂಡ ಕರಾರು. ಕರಾರು ಇಲ್ಲದಿದ್ದರೆ ಕಾಯ್ದೆ ಹೇಳಿದಂತೆ. ಇದ್ದರೆ ಬಹುಪಾಲು ಅದರಂತೆ. ಇದರಿಂದಲೇ ಕಾಗದಕ್ಕೆ ಬೆಲೆ.

ಹನ್ನೊಂದು ತಿಂಗಳು ಎಂದೇ ಏಕೆ ಬರೆಯುತ್ತಾರೆ? ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಲೇಬೇಕು. ಅದನ್ನು ತಪ್ಪಿಸಿಕೊಳ್ಳಲು ಹನ್ನೊಂದು. ತಪ್ಪೇನೂ ಅಲ್ಲ, ಆದರೆ ಮೂರು ವರ್ಷಕ್ಕೆಂದು ಬರೆದು ನೋಂದಣಿ ಮಾಡಿಸದಿದ್ದರೆ ಆ ಮೂರು ವರ್ಷದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಕರಾರಿನಲ್ಲಿ ಇವಿಷ್ಟನ್ನು ಮರೆಯಬೇಡಿ: ಬಾಡಿಗೆ ಎಷ್ಟು, ಯಾವ ತಾರೀಖಿಗೆ; ಮುಂಗಡ ಎಷ್ಟು, ಯಾವಾಗ ವಾಪಸ್ಸು, ಯಾವುದಕ್ಕೆ ಕಡಿತ; ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ; ಬಿಡಲು ಎಷ್ಟು ದಿನ ಮುಂಚೆ ತಿಳಿಸಬೇಕು; ನೀರು, ವಿದ್ಯುತ್ತು ಯಾರದು. ಒಳಬಾಡಿಗೆಗೆ ಕೊಡಕೂಡದು ಎಂಬುದನ್ನೂ ಬರೆಯಬೇಕು. ಏಕೆಂದರೆ, ಕರಾರಿನಲ್ಲಿ ಬೇಡವೆಂದು ಹೇಳದಿದ್ದರೆ ಬಾಡಿಗೆದಾರ ಮತ್ತೊಬ್ಬನಿಗೆ ಕೊಡಬಹುದು ಎಂದೇ 1882ರ ಕಾಯ್ದೆಯ 108ನೆಯ ಪ್ರಕರಣ ಹೇಳುತ್ತದೆ. ವಿದ್ಯಾರ್ಥಿಗಳಿಗೆ ಕೊಡುವವರು ಇನ್ನೊಂದನ್ನು ನೆನಪಿಡಿ: 18 ತುಂಬದ ಹುಡುಗನ ರುಜುವಿನ ಕರಾರಿಗೆ ಬೆಲೆಯಿಲ್ಲ, ತಂದೆ ಅಥವಾ ತಾಯಿಯ ರುಜು ಹಾಕಿಸಿ.

ರಶೀದಿ ಕೊಡುವುದಕ್ಕೆ ನಾಚಿಕೆ ಬೇಡ. ರಶೀದಿ ಇಬ್ಬರನ್ನೂ ಕಾಯುತ್ತದೆ. ಬಾಕಿ ಬಾಡಿಗೆಗೆ ದಾವೆ ಹೂಡಲು ಮೂರು ವರ್ಷದ ಅವಧಿ ಮಾತ್ರ. ಲೆಕ್ಕವಿಲ್ಲದ ಬಾಕಿ ಬಾಯಿಮಾತಿನಲ್ಲೇ ಕರಗಿಹೋಗುತ್ತದೆ.

ಹನ್ನೆರಡು ವರ್ಷದ ಗುಮ್ಮ

‘ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗುತ್ತದಂತೆ’ ಎಂಬ ಗುಮ್ಮ ಊರೂರಲ್ಲಿ ತಿರುಗುತ್ತಿದೆ. ಈ ಭಯದಿಂದ ಒಳ್ಳೆಯ ಸಂಸಾರಗಳನ್ನು ಹತ್ತನೆಯ ವರ್ಷಕ್ಕೇ ಎಬ್ಬಿಸಿದವರಿದ್ದಾರೆ. ಬಾಡಿಗೆ ಕೊಟ್ಟುಕೊಂಡು ನಿಮ್ಮ ಒಪ್ಪಿಗೆಯಿಂದ ಇರುವವನು ಎಷ್ಟೇ ವರ್ಷವಿರಲಿ, ಬಾಡಿಗೆದಾರನೇ. ಬಾಡಿಗೆದಾರನಾಗಿ ಬಂದವನು ಇದು ಒಡೆಯನ ಮನೆಯಲ್ಲ ಎಂದು ವಾದಿಸಲಾಗದು ಎಂದು 1872ರ ಸಾಕ್ಷ್ಯ ಕಾಯ್ದೆಯೂ ಹೇಳಿತ್ತು, ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹೇಳುತ್ತದೆ. ಹನ್ನೆರಡು ವರ್ಷವೆಂಬುದು 1963ರ ಕಾಲಮಿತಿ ಕಾಯ್ದೆಯಲ್ಲಿ ಇದೆ. ಅದು ಎಣಿಸುವುದು ಬಾಡಿಗೆ ಒಪ್ಪಂದ ಮುರಿದ ದಿನದಿಂದ. ಮುರಿದ ಮೇಲೆ ಹನ್ನೆರಡು ವರ್ಷ ಸುಮ್ಮನೆ ಕೂತವನಿಗೆ ಮಾತ್ರ ಅಪಾಯ. ರಶೀದಿ, ಕರಾರು ಇಟ್ಟುಕೊಂಡವನಿಗೆ ಈ ಗುಮ್ಮನಿಂದ ಭಯವಿಲ್ಲ.

ಬಿಡಿಸುವುದು ಹೇಗೆ? ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆ ಮನೆಗೆ 15 ದಿನದ ಲಿಖಿತ ನೋಟೀಸು, ರುಜು ಹಾಕಿ. ಅಂಚೆಯಲ್ಲಿ ಕಳಿಸಿ, ಚೀಟಿ ಇಟ್ಟುಕೊಳ್ಳಿ. ಹೋಗದಿದ್ದರೆ ಸಿವಿಲ್ ನ್ಯಾಯಾಲಯ. ಅಲ್ಲಿ ತಡವಾಗುತ್ತದೆ, ಖರ್ಚಾಗುತ್ತದೆ. ಅದು ನಮಗೂ ಗೊತ್ತು. ಆದರೆ ಬೀಗ ಹಾಕುವುದು, ಪಾತ್ರೆ ಪಗಡವನ್ನು ಬೀದಿಗೆ ಎಸೆಯುವುದು, ನೀರು ನಿಲ್ಲಿಸುವುದು, ಕರೆಂಟು ಕೀಳುವುದು — ಇವು ಒಡೆತನವಲ್ಲ, ದೌರ್ಜನ್ಯ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ, ಒಡೆತನದ ಪ್ರಶ್ನೆಯನ್ನೇ ಎತ್ತದೆ ಮತ್ತೆ ಒಳಕ್ಕೆ ಬರಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಪ್ರಕರಣ ಅದಕ್ಕೇ ಇದೆ.

ಬಾಡಿಗೆದಾರ ಮಿತ್ರರಿಗೂ ಒಂದು ಮಾತು. ಮುಂಗಡ ಇದೆಯಲ್ಲ ಎಂದು ಕೊನೆಯ ನಾಲ್ಕು ತಿಂಗಳು ಬಾಡಿಗೆ ಕೊಡದೆ, ಬಾಗಿಲು ಒಡೆದು, ಕರೆಂಟು ಬಿಲ್ಲು ಉಳಿಸಿ ರಾತ್ರೋರಾತ್ರಿ ಗಾಡಿ ಕಟ್ಟುವುದು ಹೋರಾಟವಲ್ಲ. ಆ ಮನೆಯ ತಾಯಿ ಆ ಹಣದಲ್ಲೇ ಔಷಧಿ ತರಬೇಕು.

ರಿಪೇರಿ, ನೀರು, ಮೀಟರು

ತಾರಸಿ ಸೋರಿದರೆ ಯಾರು ನೋಡಬೇಕು? ಗೋಡೆ, ತಾರಸಿ, ಪೈಪು, ಗುಂಡಿ ಮಾಲೀಕರದು. ಬಲ್ಬು, ನಲ್ಲಿಯ ವಾಷರು, ಒಡೆದ ಗಾಜು ಇರುವವರದು ಎಂದು ಕರಾರಿನಲ್ಲೇ ಹಂಚಿಬಿಡಿ. ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಬಾಡಿಗೆದಾರ ಹಾಕಿಸಿದ ಫ್ಯಾನು, ಕಪಾಟನ್ನು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು; ಆದರೆ ಗೋಡೆ ಮೊದಲಿದ್ದಂತೆ ಇರಬೇಕು. ಕಾಲಕ್ರಮದಲ್ಲಿ ಮಾಸಿದ ಬಣ್ಣಕ್ಕೆ ಮುಂಗಡದಲ್ಲಿ ಕಡಿಯುವುದು ನ್ಯಾಯವಲ್ಲ. ವಾಸವಿದ್ದ ಮನೆ ಮಾಸದೆ ಇರುವುದಿಲ್ಲ.

ಮನೆಗೊಂದು ಮೀಟರು ಹಾಕಿಸಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಲಾಭ ಬಾಡಿಗೆದಾರರಿಗೂ ಉಂಟು. ಅದಕ್ಕೆ ಮನೆಯ ಆರ್.ಆರ್. ನಂಬರನ್ನು ಅವರ ಆಧಾರ್‌ಗೆ ಜೋಡಿಸಬೇಕು. ಮೂರು ಸಂಸಾರ ಒಂದೇ ಮೀಟರಿನಲ್ಲಿದ್ದರೆ 200 ಯೂನಿಟ್ಟಿನ ಮಿತಿ ಬೇಗ ಮೀರುತ್ತದೆ. ಸಾಲದ್ದಕ್ಕೆ ‘ಯಾರು ಎಷ್ಟು ಸುಟ್ಟರು’ ಎಂಬ ದಿನದ ಜಗಳ. ಒಬ್ಬರು ಮನೆ ಬಿಟ್ಟಾಗ ಅವರ ಜೋಡಣೆ ತೆಗೆಸುವುದನ್ನು ಮರೆಯಬೇಡಿ. ಬಿಲ್ಲೇ ಬಾರದ ಕರೆಂಟಿಗೆ ಬಾಡಿಗೆದಾರರಿಂದ ತಿಂಗಳಿಗೆ 300, 400 ಎಂದು ವಸೂಲಿ ಮಾಡುವವರು ಎಲ್ಲಾದರೂ ಇದ್ದರೆ, ದಯವಿಟ್ಟು ನಿಲ್ಲಿಸಿ. ಅದು ಸರ್ಕಾರ ಬಡವನಿಗೆ ಕೊಟ್ಟದ್ದು.

‘ಯಾವ ಜನ?’ ಎಂಬ ಪ್ರಶ್ನೆ

ಕೊನೆಗೆ, ಹೇಳಲೇಬೇಕಾದುದನ್ನು ಹೇಳುತ್ತೇವೆ. ಕೆಲವರಿಗೆ ಬೇಸರವಾದರೂ ಆಗಲಿ.

ಮನೆ ಕೇಳಿಕೊಂಡು ಒಬ್ಬ ಬರುತ್ತಾನೆ. ಸಂಬಳ ಕೇಳುವುದಕ್ಕೆ ಮುಂಚೆ, ಎಷ್ಟು ಮಂದಿ ಎಂದು ಕೇಳುವುದಕ್ಕೆ ಮುಂಚೆ ನಾವು ಕೇಳುವುದೇನು? ‘ನೀವು ಯಾವ ಜನ?’ ಉತ್ತರ ಕೇಳಿದ ಮೇಲೆ, ಐದು ನಿಮಿಷದ ಹಿಂದೆ ಖಾಲಿಯಿದ್ದ ಮನೆ ನಮ್ಮ ನೆಂಟರಿಗೆ ಆಗಿಬಿಡುತ್ತದೆ. ಬಂದವನು ಬಾಯಿ ಬಿಡುವುದಿಲ್ಲ, ಅರ್ಥವಾಗಿರುತ್ತದೆ. ತನ್ನ ಮನೆತನದಲ್ಲೇ ಮೊದಲಿಗಳಾಗಿ ಪದವಿ ಓದಲು ಬಂದ ಹುಡುಗಿ ಹೀಗೆ ನಾಲ್ಕು ಬಾಗಿಲು ಬಡಿದು, ಹಾಸ್ಟೆಲಿನಲ್ಲೂ ಜಾಗ ಸಿಗದೆ ಊರಿಗೆ ಹಿಂದಿರುಗಿದರೆ, ನಮ್ಮ ಊರಿನ ಕಾಲೇಜು ಯಾರಿಗೆ ಕಟ್ಟಿದ್ದು?

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಾಗಿ ಬಂದು, 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆದ ಕಾನೂನು, ಬಹಿಷ್ಕಾರವೆಂದರೆ ಏನೆಂದು ವಿವರಿಸುವಾಗ ಮನೆಯನ್ನು ಬಾಡಿಗೆಗೆ ಕೊಡಲು ನಿರಾಕರಿಸುವುದನ್ನು ಹೆಸರಿಟ್ಟೇ ಹೇಳಿದೆ. ಆದರೆ ಕಾನೂನಿನ ಹೆದರಿಕೆಯಿಂದ ಮನಸ್ಸು ಬದಲಾಗುವುದಾಗಿದ್ದರೆ ಎಂದೋ ಬದಲಾಗಬೇಕಿತ್ತು.

‘ನಮಗೇನೂ ಇಲ್ಲ, ಅಕ್ಕಪಕ್ಕದವರು ಒಪ್ಪುವುದಿಲ್ಲ’ ಎನ್ನುತ್ತೀರಿ. ಪಕ್ಕದವರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ಹಾಗಾದರೆ ಒಪ್ಪದವನು ಯಾವ ಮನೆಯಲ್ಲಿದ್ದಾನೆ? ಕಾರ್ಖಾನೆಯಲ್ಲಿ ಎಲ್ಲರ ಕಬ್ಬೂ ಒಂದೇ ಗಾಣಕ್ಕೆ ಹೋಗಿ ಒಂದೇ ಸಕ್ಕರೆಯಾಗುತ್ತದೆ. ಯಾರ ಗದ್ದೆಯ ಸಕ್ಕರೆ ಎಂದು ಕೇಳಿ ಕಾಫಿಗೆ ಹಾಕಿಕೊಳ್ಳುವವರನ್ನು ನಾವು ಕಂಡಿಲ್ಲ. ನಾಲೆಯ ನೀರಿಗೆ ಇಲ್ಲದ ಜಾತಿ ನಲ್ಲಿಯ ನೀರಿಗೆ ಎಲ್ಲಿಂದ ಬರುತ್ತದೆ? ಮುಸಲ್ಮಾನರಿಗೆ ಕೊಡುವುದಿಲ್ಲ, ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂಬ ಹಲಗೆಗಳೂ ಇದೇ ಜಾತಿಯವು.

ಹೊಸಬರನ್ನು ವಿಚಾರಿಸಬೇಡಿ ಎಂದು ನಾವು ಹೇಳುವುದಿಲ್ಲ. ಎಲ್ಲಿ ಕೆಲಸ, ಸಂಬಳ ಎಷ್ಟು, ಹಿಂದೆ ಇದ್ದ ಮನೆಯವರು ಏನು ಹೇಳುತ್ತಾರೆ — ಕೇಳಿ. ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ. ಅದು ಎಚ್ಚರ. ಜಾತಿ ಕೇಳುವುದು ಎಚ್ಚರವಲ್ಲ. ಬಾಡಿಗೆ ಕೊಡುವ ಕೈಗೆ ಜಾತಿಯಿಂದ ಪ್ರಾಮಾಣಿಕತೆ ಬರುವುದಿಲ್ಲವೆಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಸ್ವಜಾತಿಯವನೇ ಆರು ತಿಂಗಳು ಬಾಕಿ ನಿಲ್ಲಿಸಿ ಹೋದ ಕಥೆಗಳನ್ನು ನೀವೇ ಹೇಳುತ್ತೀರಲ್ಲ!

ಈಗ ಏನು ಮಾಡಬೇಕು

ಭಾಷಣ ಕೇಳಿ ಎದ್ದುಹೋದರೆ ಪ್ರಯೋಜನವಿಲ್ಲ. ಮೂರು ಕೆಲಸ ಮಾಡೋಣ. ಒಂದು, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಒಂದೇ ಹಾಳೆಯ ಮಾದರಿ ಕರಾರನ್ನು ಸಿದ್ಧಪಡಿಸಿ ಊರಿಗೆ ಹಂಚುವುದು. ಓದು ಬಾರದವರಿಗೆ ಓದಿ ಹೇಳಿ ರುಜು ಹಾಕಿಸುವುದು. ಎರಡು, ಮಾಲೀಕರಿಂದ ಮೂವರು, ಬಾಡಿಗೆದಾರರಿಂದ ಮೂವರು ಸೇರಿ, ತಿಂಗಳಿಗೊಮ್ಮೆ ಕೂತು, ಮುಂಗಡ ಬಾಕಿಗಳ ಜಗಳಗಳನ್ನು ಕೋರ್ಟಿಗೆ ಹೋಗುವ ಮುಂಚೆ ಕೇಳುವುದು. ಈ ಆರರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಮನೆಯ ಕಷ್ಟ ಹೆಚ್ಚಾಗಿ ಗೊತ್ತಿರುವುದು ಅವರಿಗೇ. ಮೂರು, ಯಾರ ಮನೆ ಖಾಲಿಯಿದೆ, ಬಾಡಿಗೆ ಎಷ್ಟು ಎಂಬುದನ್ನು ಒಂದು ಹಲಗೆಯಲ್ಲಿ ಬಹಿರಂಗವಾಗಿ ಬರೆಯುವುದು. ಬರೆದ ಮನೆ, ಬರೆದ ಬಾಡಿಗೆ. ಮೊದಲು ಬಂದು ಮುಂಗಡ ಕೊಟ್ಟವರಿಗೆ ಕೊಡುವುದು. ಹಲಗೆಯ ಮೇಲೆ ಬರೆದ ಮನೆ ಐದು ನಿಮಿಷದಲ್ಲಿ ನೆಂಟರ ಪಾಲಾಗುವುದು ಕಷ್ಟ.

ಈ ಮೂರಕ್ಕೂ ಸರ್ಕಾರದ ಹಣ ಬೇಕಿಲ್ಲ, ಮಂತ್ರಿಗಳ ಅಪ್ಪಣೆ ಬೇಕಿಲ್ಲ. ಒಂದು ಹಲಗೆ, ಒಂದು ಪುಸ್ತಕ, ಆರು ಜನ ಸಾಕು. ಹೆಸರು ಕೊಡುವವರು ಈಗಲೇ ಮುಂದೆ ಬಂದು ಬರೆಸಿ. ಪುಸ್ತಕ ಮೇಜಿನ ಮೇಲಿದೆ.